ಎರಡು ನಿಮಿಷ

ಮಾನ್ಯರೇ,
ನನ್ನ ಹೆಸರನ್ನು ನೀವು ಕರೆದದ್ದು ತಪ್ಪು. ಇರಲಿ.
ಎಲ್ಡನ್ ಹ್ರಬಿಕ್. ಟವರಿನ ಬುಡದ ತಗಡಿನ ಕೋಣೆಯವನು.
ಮೊದಲು ನನ್ನ ಬಳಿ ಇದ್ದದ್ದು ಒಂದೇ ಬೀಗದ ಕೈ,
ಈಗ ಹದಿನೇಳು. ನಡೆದರೆ ಸೊಂಟ ಘಲ್ಲೆನ್ನುತ್ತದೆ,
ಕಂಪನಿ ಬೆಳೆದ ಸದ್ದು.
ನಿಮ್ಮ ಬಾಗಿಲ ಕಾವಲಿನವನು ಗೊಂಚಲನ್ನು
ಪ್ಲಾಸ್ಟಿಕ್ ತಟ್ಟೆಯಲ್ಲಿ ತೆಗೆದಿಟ್ಟುಕೊಂಡಿದ್ದಾನೆ.

ನಮ್ಮೂರು ನೆಬ್ರಾಸ್ಕಾದಲ್ಲಿ, ಮರಳುಗುಡ್ಡಗಳ ಆಚೆ.
ಬರೆಯುವುದು ಡೆಲ್ಹಿ, ಕರೆಯುವುದು ಡೆಲ್‌ಹೈ.
ಅಷ್ಟು ಗೊತ್ತಿದ್ದವರು ನಮ್ಮವರು.

ಬೆಳಗಿನ ಆರಕ್ಕೆ ವರ್ನಾ ಶ್ಲೀಗಲ್ ಬರುತ್ತಿದ್ದಳು,
ಮೈಕಿನ ಪಕ್ಕ ಕೆಮ್ಮಿನ ಗುಳಿಗೆ, ಮೊಣಕೈ ಕೆಳಗೆ ಚೀಟಿಗಳು.
ಹೋರಿಯ ಧಾರಣೆ, ಶಾಲೆಯ ಊಟ, ನಿನ್ನೆ ತೀರಿಕೊಂಡವರು.
ಮಾರಾಟಕ್ಕಿದೆ: ಹಲ್ಲು ಹೋದ ಕೊಯ್ಲುಯಂತ್ರ.
ಕಳೆದಿದೆ: ಕಂದು ನಾಯಿ, ಕರೆದರೆ ಬರುವುದಿಲ್ಲ.
ಬೇಕಾಗಿದೆ: ಅಕಾರ್ಡಿಯನ್ ಕಲಿಸುವವರು,
ಎಡಚರಾದರೆ ಒಳ್ಳೆಯದು.

ರಸ್ತೆಯಾಚೆ ಇನ್ನೊಂದು ಸ್ಟೇಷನ್. ಇಬ್ಬರಿಗೂ ಆಗದು.
ಇವರು ಮೇಯರನ್ನು ಬೈದರೆ ಅವರು ಹೊಗಳುತ್ತಿದ್ದರು,
ಜಗಳದ ನಡುವೆ ನಮಗೆ ಸುದ್ದಿ ಸಿಗುತ್ತಿತ್ತು.

ಆಗ ಕಾನೂನು ಬೆರಳು ಮಡಚಿ ಎಣಿಸುತ್ತಿತ್ತು,
ಒಬ್ಬನಿಗೆ ಇಷ್ಟು, ಒಂದೂರಿಗೆ ಇಷ್ಟು.
ಆಮೇಲೆ ಬೆರಳು ಸಾಲದೆ
ಎಣಿಸುವುದನ್ನೇ ಬಿಟ್ಟಿತು.

ಎರಡಕ್ಕೂ ಒಬ್ಬನೇ ಒಡೆಯ ಬಂದ.
ಬೈಗುಳ ನಿಂತಿತು. ಶಾಂತಿ ಎಂದುಕೊಂಡೆವು.

ವರ್ನಾಳ ಮೈಕಿನ ತಂತಿ ಕಿತ್ತವನು ನಾನೇ.
ಸಂಬಳ ಕೊಡುವವರು ಹೇಳಿದರು, ಕಿತ್ತೆ.
ಅವಳು ಟಾರ್ಚು ಹಿಡಿದು ನಿಂತಿದ್ದಳು, ನನಗೆ ಕಾಣಲಿ ಎಂದು.
ಆ ಜಾಗದಲ್ಲೊಂದು ಪೆಟ್ಟಿಗೆ ಇಟ್ಟೆ, ಬ್ರೆಡ್ಡಿನ ಡಬ್ಬಿಯಷ್ಟು.
ಅದರೊಳಗಿಂದ ಅಟ್ಲಾಂಟದ ಚೇಸ್ ಎಂಬ ಹುಡುಗ
ಹನ್ನೊಂದು ಊರಿನ ಬೆಳಗನ್ನು
ಹಿಂದಿನ ರಾತ್ರಿ ನಲವತ್ತು ನಿಮಿಷದಲ್ಲಿ ಮಾತಾಡಿ ಮುಗಿಸುತ್ತಿದ್ದ.
'ಗುಡ್ ಮಾರ್ನಿಂಗ್ ಡೆಲ್ಲಿ!'
ಕೆಟ್ಟವನಲ್ಲ. ಒಮ್ಮೆ ನನಗೆ ಫೋನ್ ಮಾಡಿ
ಅಲ್ಲಿ ಮರಗಳಿವೆಯೇ ಎಂದು ಕೇಳಿದ್ದ.

ಮಾರ್ಚಿಯಲ್ಲಿ ಹುಲ್ಲಿಗೆ ಬೆಂಕಿ ಬಿತ್ತು.
ಷೆರಿಫ್ ಸ್ಟೇಷನ್ನಿಗೆ ನಾಲ್ಕು ಸಲ ಕರೆ ಮಾಡಿದರು.
ಖಾಲಿ ಕೋಣೆಯಲ್ಲಿ ಫೋನು ತಾನೇ ಎತ್ತಿಕೊಂಡು
ಜಾಹೀರಾತಿಗಾಗಿ ಎರಡನ್ನು ಒತ್ತಿ ಎಂದಿತು.
ಅದೇ ಹೊತ್ತಿಗೆ ಚೇಸ್, ಒಳ್ಳೇ ಗಾಳಿ ಇದೆ,
ಕಾರಿನ ಗಾಜು ಇಳಿಸಿಕೊಳ್ಳಿ ಎನ್ನುತ್ತಿದ್ದ.

ನಾನು ತಗಡಿನ ಕೋಣೆಯಲ್ಲಿದ್ದೆ. ಮೈಕು ಎಲ್ಲಿಯದು?
ಹಳೆಯ ಹೆಡ್‌ಫೋನ್ ಇತ್ತು. ನಿಮಗೆ ತಿಳಿದಿರಲಾರದು,
ತಂತಿಯನ್ನು ಒಳದಾರಿಗೆ ಸಿಕ್ಕಿಸಿದರೆ
ಕೇಳುವುದೇ ಹೇಳುವುದಾಗುತ್ತದೆ.
ಕಿವಿಯದನ್ನು ಬಾಯಿಗೆ ಹಿಡಿದು ಹೇಳಿದೆ:
ಡೆಲ್‌ಹೈ, ಬೆಂಕಿ ಒಂಬತ್ತನೇ ರಸ್ತೆ ದಾಟಿದೆ.
ಲೊವೆಲ್, ಬೇಲಿ ಕತ್ತರಿಸು, ದನ ಬಿಡು, ನೀನು ಹೊರಡು.
ಓಪಲ್, ನಿನ್ನ ಅಣ್ಣನಿಗೆ ಕಿವಿ ಕೇಳದು, ಹೋಗಿ ಎಬ್ಬಿಸು.

ಲೊವೆಲ್ ಬಂದ. ಅಣ್ಣನೂ ಬಂದ.
ಓಪಲಳ ಸುದ್ದಿ ಈ ಸಭೆಯಲ್ಲಿ ಹೇಳಲಾರೆ.

ಕಂಪನಿಯ ಪತ್ರ ಬಂತು: ಮೂರು ನಿಮಿಷ ಹನ್ನೊಂದು ಸೆಕೆಂಡು
ಹಾಸಿಗೆ ಅಂಗಡಿಯ ಜಾಹೀರಾತಿಗೆ ಅಡ್ಡಿ.
ಸಂಬಳದಲ್ಲಿ ಹಿಡಿದರು. ಹಿಡಿಯಲಿ.
ಚೇಸನನ್ನೂ ತೆಗೆದರಂತೆ ಈಗ. ಅವನ ದನಿ ಇನ್ನೂ ಇದೆ,
ಅವನಿಲ್ಲ.

ಗಾಳಿ ಯಾರಪ್ಪನ ಸೊತ್ತು ಎಂದು
ನಮ್ಮಜ್ಜ ಗಾಳಿಯಂತ್ರ ನೆಟ್ಟಾಗ ಕೇಳಿದ್ದರಂತೆ.
ಅದನ್ನೇ ನಿಮ್ಮನ್ನು ಕೇಳೋಣವೆಂದು
ಆರು ಗಂಟೆ ಗಾಡಿ ಓಡಿಸಿ ಬಂದೆ.

ಓ, ಕೆಂಪು ದೀಪ. ಮುಗಿಯಿತೇ?
ಅಂದರೆ ಮಿತಿ ಹಾಕಲು ನಿಮಗೆ ಬರುತ್ತದೆ,
ಎರಡು ನಿಮಿಷಕ್ಕಾದರೂ.

ಹೊರಡುತ್ತೇನೆ. ಬೀಗದ ಕೈ ವಾಪಸು ಕೇಳಬೇಕು.
ಹನ್ನೊಂದನೆಯ ಟವರಿನ ತುದಿಯ ಬಲ್ಬು ಕೆಟ್ಟಿದೆ.
ಇವತ್ತೇ ಹತ್ತಿ ಹಾಕಬೇಕು.
ಮೇಲೆ ಹಾರುವವರಿಗಾದರೂ ಗೊತ್ತಾಗಲಿ,
ಕತ್ತಲಲ್ಲಿ ಇಲ್ಲೊಂದು ಏನೋ ನಿಂತಿದೆಯೆಂದು.